ಸುರಪುರಕ್ಕೊಂದು ಮಣ್ಣಿನ ಹಕ್ಕಿ ಬೇಕು

ನಮ್ಮ ಭಾಗದಾಗ ಬಂದೂಕು ಅಂದ ಕೂಡಲೇ ಮೂರು ಚಿತ್ರ ಕಣ್ಣ ಮುಂದ ಬರ್ತಾವ. ಒಂದು, ಸುರಪುರ ನಾಯಕರ ಇತಿಹಾಸ. ಎರಡು, ವಾಟ್ಸಾಪಿನಾಗ ಬರೋ ಮದುವಿ ಮೆರವಣಿಗೆಯ ವಿಡಿಯೊ, ಅದರಾಗ ಆಕಾಶಕ್ಕ ಗುಂಡು ಹಾರಿಸೋ ಮದುಮಗನ ಗೆಳೆಯ. ಮೂರು, ಜಾತ್ರಿಯ ಬಲೂನು ಅಂಗಡಿ. ಮೊದಲನೆಯದು ಮುಗಿದ ಕಥೆ, ಎರಡನೆಯದು ಅಪರಾಧ, ಮೂರನೆಯದರ ಬಂದೂಕಿನ ಕೊಳವಿ ಸೊಟ್ಟ! ಗುರಿ ಇಡೋದನ್ನ ಒಂದು ಆಟವಾಗಿ, ಶಿಸ್ತಿನಿಂದ ಕಲಿಯೋ ಜಾಗ ಮಾತ್ರ ಯಾದಗಿರಿ, ಶಹಾಪುರ, ಸುರಪುರ ಅಂತ ಬಸ್ಸಿನಾಗ ಓಡಾಡೋ ನನಗ ಇನ್ನೂ ಕಂಡಿಲ್ಲ. ಅಂಥದ್ದೊಂದು ಜಾಗ ನಮಗೆ ಬೇಕು ಅಂತ ನಾನು ವಾದಿಸ್ತೀನಿ. ಅದರಲ್ಲೂ ಟ್ರ್ಯಾಪ್ ಶೂಟಿಂಗ್ ಅನ್ನೋ ಆಟ ಬೇಕು.

ಟ್ರ್ಯಾಪ್ ಅಂದ್ರ ಏನು? ನೆಲದಾಗ ಹೂತಿಟ್ಟ ಯಂತ್ರವೊಂದು ಸಣ್ಣ ತಟ್ಟೆಯನ್ನ ಗಾಳಿಗೆ ಎಸೀತದ. ತಟ್ಟೆಯ ಅಗಲ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಶೂಟರ್ 12 ಬೋರ್ ಬಂದೂಕು ಹಿಡಿದು ಹಿಂದೆ ನಿಂತಿರ್ತಾನ. ‘ಪುಲ್’ ಅಂತ ಕೂಗಿದ ಕೂಡಲೇ ತಟ್ಟೆ ಹಾರ್ತದ. ಅದು ಎಡಕ್ಕ ಹೋಗ್ತದೋ ಬಲಕ್ಕ ಹೋಗ್ತದೋ ಮೊದಲೇ ಗೊತ್ತಿರಂಗಿಲ್ಲ. ಒಂದು ಸುತ್ತಿಗೆ ಇಂಥ 25 ತಟ್ಟೆ. ನಾವು ಎಂಜಿನಿಯರಿಂಗ್ ಹುಡುಗರು, ಒಂದು ಲೆಕ್ಕ ಹಾಕಿ ನೋಡೋಣ. ತಟ್ಟೆ ಸೆಕೆಂಡಿಗೆ 25 ಮೀಟರ್ ವೇಗದಾಗ ಅಡ್ಡಲಾಗಿ ಹೊಂಟದ, ದೂರ 35 ಮೀಟರ್, ಚರೆಗಳ ಸರಾಸರಿ ವೇಗ ಸೆಕೆಂಡಿಗೆ 350 ಮೀಟರ್ ಅಂತ ಇಟ್ಕೊಳ್ರಿ. ಚರೆ ಅಲ್ಲಿಗೆ ಮುಟ್ಟೋಕೆ 0.1 ಸೆಕೆಂಡು ಬೇಕು. ಅಷ್ಟರಾಗ ತಟ್ಟೆ ಎರಡೂವರೆ ಮೀಟರ್ ಮುಂದ ಹೋಗಿರ್ತದ. ಅಂದ್ರ ಕಾಣೋ ಜಾಗಕ್ಕ ಹೊಡೆದ್ರ ತಪ್ಪಿತು, ಬರಲಿರೋ ಜಾಗಕ್ಕ ಹೊಡೀಬೇಕು. ಕ್ಲಾಸಿನಾಗ ನಿದ್ದಿ ತರಿಸೋ ಸಾಪೇಕ್ಷ ವೇಗ ಇಲ್ಲಿ ಮೈಯೊಳಗೇ ಇಳೀತದ.

ಈ ಆಟದ ಹುಟ್ಟು ಮಾತ್ರ ಚಂದಿಲ್ಲ. ಇಂಗ್ಲೆಂಡಿನಾಗ ಮೊದಲು ಜೀವಂತ ಪಾರಿವಾಳಗಳನ್ನ ಪೆಟ್ಟಿಗೆಯಿಂದ ಬಿಟ್ಟು ಹೊಡೀತಿದ್ರು, ಆ ಪೆಟ್ಟಿಗೆಯೇ ‘ಟ್ರ್ಯಾಪ್’. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲೂ ನೂರಾರು ಪಾರಿವಾಳ ಹೀಂಗೇ ಸತ್ತವು. ಆದ್ರ ಅದಕ್ಕೂ 20 ವರ್ಷ ಮೊದಲೇ, 1880ರ ಸುಮಾರಿಗೆ, ಅಮೆರಿಕದ ಜಾರ್ಜ್ ಲಿಗೋವ್‌ಸ್ಕಿ ಮಣ್ಣಿನ ತಟ್ಟೆ ತಂದಿದ್ದ. ಹಕ್ಕಿಯ ಜಾಗಕ್ಕ ಮಣ್ಣಿನ ಹಕ್ಕಿ ಬಂತು, ರಕ್ತ ಹೋಗಿ ಆಟ ಉಳೀತು. ಈಗಿನ ತಟ್ಟೆ ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಪಿಚ್ಚಿನಿಂದ ಆಗ್ತದ. ಸುಣ್ಣಕಲ್ಲು ನಮ್ಮ ಭೀಮಾ ದಂಡಿಗೆ ಏನು ಕಮ್ಮಿ?

ಈ ಮಾತು ನಮಗ್ಯಾಕೆ ಬೇಕು ಅಂದ್ರ, ಸುರಪುರ ತಾಲ್ಲೂಕಿನಾಗೇ ಬೋನಾಳ ಕೆರೆ ಅದ. ಚಳಿಗಾಲಕ್ಕ ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳೀತಾವ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಬಾಗಿಲು ಮುಚ್ಚೇದ, ಮುಚ್ಚಿದ್ದೇ ಸರಿ. ಆದ್ರ ‘ಹೊಡೀಬ್ಯಾಡ’ ಅಂತ ಹೇಳಿದವರು ‘ಹಂಗಾದ್ರ ಎಲ್ಲಿ ಹೊಡೀಲಿ?’ ಅನ್ನೋ ಪ್ರಶ್ನೆಗೂ ಉತ್ತರ ಕೊಡಬೇಕಲ್ಲ. ಮಣ್ಣಿನ ಹಕ್ಕಿಯೇ ಆ ಉತ್ತರ.

ನಮ್ಮ ನೆಲಕ್ಕ ಗುರಿ ಹೊಸದಲ್ಲ. 1705ರಲ್ಲಿ ಔರಂಗಜೇಬ ಮುದಿವಯಸ್ಸಿನಲ್ಲಿ ಖುದ್ದು ಬಂದು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದಾಗ, ಅವನ ದೊಡ್ಡ ಸೈನ್ಯವನ್ನ ತಿಂಗಳುಗಟ್ಟಲೆ ತಡೆದದ್ದು ಪಿಡ್ಡ ನಾಯಕನ ಬೇಡರ ಪಡೆ. ಅವರ ಬಂದೂಕಿನ ಗುರಿ ಆಗಲೇ ಹೆಸರುವಾಸಿ. 1857ರಲ್ಲಿ ಬ್ರಿಟಿಷರು ಆಯುಧ ಕಸಿಯೋ ಕಾನೂನು ತಂದ್ರು. ಮುಧೋಳ ಸೀಮೆಯ ಹಲಗಲಿ ಬೇಡರು ಆಯುಧ ಕೊಡೋದಿಲ್ಲ ಅಂದ್ರು. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದ್ರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕನ ಬಂಡಾಯವೂ ಮುಗೀತು.

ಅದೇ ಕಾನೂನಿನಿಂದ 1861ರಲ್ಲಿ ಕೊಡವರಿಗೆ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ಇವತ್ತಿಗೂ ಅದ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು. ಫಲ ಏನಾತು ನೋಡ್ರಿ. ಕೊಡಗಿನಾಗ ಕೈಲ್‌ಪೊಳ್ದ್ ಹಬ್ಬಕ್ಕ ಬಂದೂಕಿಗೆ ಪೂಜೆ ಮಾಡಿ, ಎತ್ತರದ ಮರಕ್ಕ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ನಡೀತದ. ಮುದುಕರು, ಹುಡುಗರು, ಹೆಣ್ಮಕ್ಕಳು ಎಲ್ಲಾರೂ ಸಾಲಾಗಿ ನಿಂತು ಹೊಡೀತಾರ. ಅಲ್ಲಿ ಬಂದೂಕು ಒಂದು ಆಟವಾಗಿ ಉಳೀತು, ಆಟದ ಜೊತೆ ಅದರ ಶಿಸ್ತೂ ಉಳೀತು. ನಮ್ಮಲ್ಲಿ ಬಂದೂಕು ಬರೇ ಲಾವಣಿಯಾಗಿ, ಮೆರವಣಿಗೆಯ ಪೋಸ್ಟರಾಗಿ ಉಳೀತು. ಆಟ ಇಲ್ಲದ ಬಂದೂಕು ಶೋಕಿಗೆ ತಿರುಗ್ತದ ಅನ್ನೋದೇ ನನ್ನ ಮಾತಿನ ತಿರುಳು. ಮದುವಿಯಾಗ ಗುಂಡು ಹಾರಿಸೋನಿಗೆ, ಕೊಳವಿಯ ಬಾಯಿ ಯಾರ ಕಡೆಗೂ ತಿರುಗಬಾರದು ಅನ್ನೋ ಮೊದಲ ಪಾಠ ಯಾರೂ ಕಲಿಸಿರಂಗಿಲ್ಲ. 2019ರ ತಿದ್ದುಪಡಿ ಪ್ರಕಾರ ಅಂಥ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಶಿಕ್ಷೆ ಬರೋಕಿಂತ ಮೊದಲು ಶಿಕ್ಷಣ ಬರಬೇಕಲ್ಲೇನು?

ಪದಕದ ಮಾತು ಬ್ಯಾಡ ಅನ್ನಂಗಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಾಗ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ತಂದದ್ದು ಡಬಲ್ ಟ್ರ್ಯಾಪಿನಾಗ. ಹಾಂಗ್‌ಝೌ ಏಷ್ಯನ್ ಗೇಮ್ಸಿನಾಗ, 2023ರಲ್ಲಿ, ಟ್ರ್ಯಾಪ್ ತಂಡಕ್ಕ ಚಿನ್ನ ಬಂತು. ಆ ತಂಡದ ಕೈನಾನ್ ಚೆನೈ ಹೈದರಾಬಾದಿನವ. ಯಾದಗಿರಿ ಸ್ಟೇಷನ್ನಿನಾಗ ಬೆಳಿಗ್ಗೆ ರೈಲು ಹತ್ತಿದ್ರ ಮಧ್ಯಾಹ್ನಕ್ಕ ಮುಟ್ಟೋ ಊರದು. 2018ರ ಕಾಮನ್‌ವೆಲ್ತ್ ಗೇಮ್ಸಿನಾಗ ಡಬಲ್ ಟ್ರ್ಯಾಪ್ ಚಿನ್ನ ಗೆದ್ದ ಶ್ರೇಯಸಿ ಸಿಂಗ್ ಬಿಹಾರದಾಕಿ. ಆದ್ರ ನನಗ ಪದಕಕ್ಕಿಂತ ಭಾನುವಾರದ ಆಟ ಮುಖ್ಯ. ಅಮೆರಿಕದ ಊರೂರ ಕ್ಲಬ್ಬುಗಳಲ್ಲಿ ಒಂದು ಸಣ್ಣ ಆಟ ಆಡ್ತಾರ. ಎಲ್ಲಾರೂ ಸಾಲಾಗಿ ನಿಲ್ಲೋದು. ಮೊದಲನೆಯವ ತಪ್ಪಿದ್ರ ಅದೇ ತಟ್ಟೆಗೆ ಪಕ್ಕದಾಂವ ಹೊಡೀಬೇಕು. ಅವನು ಹೊಡೆದ್ರ ಮೊದಲನೆಯವ ಔಟ್. ಹೀಂಗೇ ಒಬ್ಬ ಉಳಿಯೋ ತನಕ ಆಟ ನಡೀತದ. ಇದನ್ನ ನಮ್ಮಲ್ಲಿ ಆಡಿದ್ರ ಸೋತವರು ಸುಸಲಾ-ಮಿರ್ಚಿ ಕೊಡಿಸಬೇಕು ಅಂತ ನಿಯಮ ಮಾಡಬಹುದು!

ಈಗ ತಕರಾರಿಗೆ ಬರೋಣ. ‘ಹಾಸ್ಟೆಲ್ಲಿನಾಗ ನೀರಿಲ್ಲ, ಸಾಲಿಯಾಗ ಮಾಸ್ತರಿಲ್ಲ, ನಿನಗ ಬಂದೂಕೇನೋ?’ ಅಂತ ಗೆಳೆಯರು ಬೈತಾರ. ಖರೇ ಮಾತು. 12 ಬೋರ್ ಬಂದೂಕು, ಒಂದು ಸುತ್ತಿಗೆ 25 ತೋಟಾ, ಇದೆಲ್ಲ ಸಿರಿವಂತರ ಖರ್ಚು. ಇನ್ನೊಂದು ತಕರಾರು ಅದಕ್ಕಿಂತ ಗಟ್ಟಿ. ಒಂದು ತೋಟಾದಾಗ 24 ಗ್ರಾಂ ಸೀಸದ ಚರೆ ಇರ್ತದ. ನೂರು ಸಲ ಹೊಡೆದ್ರ ಎರಡು ಕಿಲೋ ನಾಲ್ಕು ನೂರು ಗ್ರಾಂ ಸೀಸ ನೆಲಕ್ಕ ಬೀಳ್ತದ. ನೀರಹಕ್ಕಿಗಳು ಕಲ್ಲಿನ ಹರಳು ಅಂತ ತಿಳಿದು ಚರೆ ನುಂಗಿ ಸಾಯ್ತಾವ. ಹೆಬ್ಬಾತು ಉಳಿಸೋಕೆ ಅಂತ ಮಣ್ಣಿನ ಹಕ್ಕಿ ತಂದು, ಅದರ ಚರೆಯಿಂದ ಹೆಬ್ಬಾತನ್ನ ಕೊಂದ್ರ ಏನ್ ಬಂತು?

ಅದಕ್ಕ ನಾನು ಹೇಳೋದು ಹಂತ ಹಂತದ ದಾರಿ. ಮೊದಲನೇ ಹಂತ, ಕಾಲೇಜಿನ ಒಂದು ಉದ್ದನೆಯ ಕೋಣೆಯಾಗ 10 ಮೀಟರ್ ಏರ್ ರೈಫಲ್. 0.177 ಇಂಚಿನ, 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಎನ್‌ಸಿಸಿಯಾಗ ಗುಂಡು ಹೊಡೆದು ಬಂದ ಹುಡುಗ-ಹುಡುಗಿಯರೇ ಮೊದಲ ತಂಡ ಆಗ್ಲಿ. ಎರಡನೇ ಹಂತ ನಮ್ಮ ಕೈಯಾಗೇ ಅದ. ಸ್ಪ್ರಿಂಗಿನ ತೋಳಿರೋ ಎಸೆಯೋ ಯಂತ್ರ ಮೆಕ್ಯಾನಿಕಲ್‌ನವರ ಪ್ರಾಜೆಕ್ಟಾಗಲಿ. ಗುಂಡಿನ ಬದಲು ಲೇಸರ್ ಹೊಡೆಯೋ ಡಮ್ಮಿ ಬಂದೂಕು, ತಟ್ಟೆಗೆ ತಾಗಿದ್ರ ಬೀಪ್ ಅನ್ನೋ ಸರ್ಕ್ಯೂಟು ಎಲೆಕ್ಟ್ರಾನಿಕ್ಸ್‌ನವರದ್ದು. ಸೀಸ ಇಲ್ಲ, ತೋಟಾ ಇಲ್ಲ, ಲೈಸೆನ್ಸೂ ಇಲ್ಲ. ಮೂರನೇ ಹಂತದಾಗ ಮಾತ್ರ ನಿಜವಾದ ಮೈದಾನ. ಬೋನಾಳದಿಂದ, ನಾರಾಯಣಪುರ ಕಾಲುವೆಯಿಂದ, ಭತ್ತದ ಗದ್ದೆಯಿಂದ ದೂರ ಇರೋ ಒಣ ಕಲ್ಲುನೆಲ. ಬಂದೂಕು ಕ್ಲಬ್ಬಿನದ್ದು, ಬೀಗ ಪೊಲೀಸರ ಕಣ್ಣಮುಂದ, ಬಿದ್ದ ಚರೆ ಬಳಿದು ತೆಗೆಯೋ ನಿಯಮ ಮೊದಲ ದಿನದಿಂದಲೇ. 21 ತುಂಬದವರಿಗೆ ಲೈಸೆನ್ಸ್ ಸಿಗಂಗಿಲ್ಲ ಖರೇ, ಆದ್ರ ತರಬೇತಿಗಾಗಿ ಬಳಸೋಕೆ ಆಯುಧ ಕಾಯ್ದೆಯೊಳಗೇ ದಾರಿ ಅದ.

ಯಾದಗಿರಿ ರಾಜ್ಯದ 30ನೇ ಜಿಲ್ಲೆಯಾಗಿ 2010ರಿಂದ ನಡೀತಾ ಬಂದದ. ಜಿಲ್ಲಾ ಕ್ರೀಡಾಂಗಣ ಅಂದ್ರ ಕ್ರಿಕೆಟ್ಟು, ಕಬಡ್ಡಿ, ಓಟ ಇಷ್ಟೇ ಅಂತ ನಾವೇ ಒಪ್ಕೊಂಡೀವಿ. ಮೂರನೇ ಹಂತಕ್ಕ ಸರ್ಕಾರ, ಪೊಲೀಸರು ಬೇಕು, ವರ್ಷಗಳೂ ಬೇಕಾಗಬಹುದು. ಎರಡನೇ ಹಂತಕ್ಕ ನಮಗ ಬೇಕಾದದ್ದು ಹಳೇ ಸ್ಪ್ರಿಂಗು, ವೆಲ್ಡಿಂಗ್ ಮಾಡಿಕೊಡೋ ಶಹಾಪುರದ ಒಂದು ಗ್ಯಾರೇಜು, ನಾಲ್ಕು ಸೆನ್ಸರು. ಫೈನಲ್ ಇಯರ್ ಪ್ರಾಜೆಕ್ಟ್ ರೆಡಿಮೇಡ್ ಕೊಳ್ಳೋಕೆ ಬೆಂಗಳೂರಿಗೆ ಬಸ್ ಹತ್ತೋ ಮೊದಲು ಇದೊಂದನ್ನ ಯೋಚನೆ ಮಾಡ್ರಿ. ಮೆಕ್ಯಾನಿಕಲ್ ಇಬ್ಬರು, ಎಲೆಕ್ಟ್ರಾನಿಕ್ಸ್ ಇಬ್ಬರು ಸಿಕ್ಕರೆ ಸಾಕು, ಈ ಸೆಮಿಸ್ಟರಿನಾಗೇ ಮೊದಲ ತಟ್ಟೆ ಹಾರಿಸಬಹುದು.