ರಾಣಿಯ ಗೌನು ಹೊಲಿದವರು

ನನ್ನ ತಂಗಿ ದಾವಣಗೆರೆಯಲ್ಲಿ ರವಿಕೆಗಳಿಗೆ ಆರಿ ಕೆಲಸ ಮಾಡುತ್ತಾಳೆ. ಕಟ್ಟಿಗೆಯ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ತುದಿಯಲ್ಲಿ ಕೊಕ್ಕೆಯಿರುವ ಸೂಜಿಯನ್ನು ಮೇಲಿನಿಂದ ಚುಚ್ಚಿ, ಕೆಳಗೆ ಹಿಡಿದ ದಾರವನ್ನು ಮೇಲಕ್ಕೆಳೆದು ಸರಪಳಿಯಂತೆ ಹೆಣೆಯುತ್ತ ಹೋಗುವ ಕೆಲಸ. ಮದುವೆ ತಿಂಗಳಲ್ಲಿ ಅವಳ ಕಣ್ಣು ಸದಾ ಕೆಂಪಗಿರುತ್ತದೆ. ಎರಡು ವರ್ಷದ ಹಿಂದೆ ಬೆಂಗಳೂರಿನ ಬೊಟಿಕ್ ಒಂದರವರು ಅವಳಿಂದ ಒಂದು ಮೇಲಂಗಿಗೆ ಕಸೂತಿ ಹಾಕಿಸಿಕೊಂಡರು. ಹನ್ನೊಂದು ದಿನದ ಕೆಲಸ. ಆಮೇಲೆ ಆ ಅಂಗಿಯ ಚಿತ್ರ ಬಣ್ಣದ ಪತ್ರಿಕೆಯೊಂದರಲ್ಲಿ ಬಂತು. ಕೆಳಗೆ ಡಿಸೈನರಮ್ಮನ ಹೆಸರು. ಜೊತೆಗೆ ‘ಹದಿನೆಂಟನೆಯ ಶತಮಾನದ ಫ್ರೆಂಚ್ ಶೈಲಿಯಿಂದ ಸ್ಫೂರ್ತಿ ಪಡೆದದ್ದು’ ಎಂಬ ಒಕ್ಕಣೆ.

ತಂಗಿ ಅದನ್ನು ನನ್ನ ಮುಂದೆ ಹಿಡಿದು, ‘ಅಲ್ಲಕ್ಕಾ, ಈ ಬಳ್ಳೀನ ನಾನು ನಮ್ಮ ಹಿತ್ತಲ ಮಲ್ಲಿಗೆ ನೋಡಿ ಹಾಕಿದ್ದು. ಇದರಲ್ಲಿ ಫ್ರಾನ್ಸು ಎಲ್ಲಿಂದ ಬಂತು?’ ಎಂದಳು.

ಆಗ ನಕ್ಕುಬಿಟ್ಟೆ. ಆಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಿಕ್ಕ ಪುಸ್ತಕಗಳನ್ನೆಲ್ಲ ಓದಿದೆ. ಓದಿದಷ್ಟೂ ಸಿಟ್ಟು ಹೆಚ್ಚಾಯಿತು.

ಇವತ್ತಿನ ಹೈ ಫ್ಯಾಶನ್ನಿಗೆ ಹದಿನೆಂಟನೆಯ ಶತಮಾನದ ಫ್ರಾನ್ಸ್ ಎಂದರೆ ಎಂದೂ ಬತ್ತದ ಬಾವಿ. 1984ರಲ್ಲಿ ಜಾನ್ ಗ್ಯಾಲಿಯಾನೊ ಎಂಬ ವಿದ್ಯಾರ್ಥಿ ಲಂಡನ್ನಿನಲ್ಲಿ ಫ್ರೆಂಚ್ ಕ್ರಾಂತಿಕಾಲದ ಶೋಕಿಲಾಲರ ಉಡುಪನ್ನು ಅನುಸರಿಸಿ ಬಟ್ಟೆ ಮಾಡಿ ಒಂದೇ ದಿನದಲ್ಲಿ ಹೆಸರಾದ. 1990ರಲ್ಲಿ ವಿವಿಯನ್ ವೆಸ್ಟ್‌ವುಡ್ ಬೂಷೆಯ ವರ್ಣಚಿತ್ರವನ್ನೇ ಕಾರ್ಸೆಟ್ಟಿನ ಎದೆಯ ಮೇಲೆ ಅಚ್ಚು ಹಾಕಿಸಿದಳು. 2012ರಲ್ಲಿ ಕಾರ್ಲ್ ಲಾಗರ್‌ಫೆಲ್ಡ್ ಶನೆಲ್ ಕಂಪನಿಯ ಪ್ರದರ್ಶನವನ್ನು ವರ್ಸೇಲ್ಸ್ ಅರಮನೆಯ ತೋಟಕ್ಕೇ ಒಯ್ದ. 2020ರಲ್ಲಿ ಮೊಸ್ಕಿನೊದವರು ಹುಡುಗಿಯರಿಗೆ ಕೇಕಿನಾಕಾರದ ಲಂಗ ತೊಡಿಸಿ ಮೆರೆಸಿದರು. ರೊಟ್ಟಿಯಿಲ್ಲದಿದ್ದರೆ ಕೇಕ್ ತಿನ್ನಲಿ ಎಂಬ ಮಾತನ್ನು ಮರೀ ಆಂತ್ವಾನೆತ್ ಆಡಿದ್ದಕ್ಕೆ ಯಾವ ಆಧಾರವೂ ಇಲ್ಲ. ಇರಲಿ, ಲಂಗಕ್ಕೆ ಆಧಾರ ಯಾಕೆ ಬೇಕು? 2025ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಈ ರಾಣಿಯ ಶೈಲಿಯ ಮೇಲೆಯೇ ದೊಡ್ಡ ಪ್ರದರ್ಶನ ತೆರೆಯಿತು.

ಚೆಂದವಿಲ್ಲ ಎಂದು ನಾನು ಹೇಳುತ್ತಿಲ್ಲ. ಎರಡೂ ಸೊಂಟಕ್ಕೆ ಬುಟ್ಟಿ ಕಟ್ಟಿದಂತೆ ಅಗಲವಾದ ಆ ಲಂಗ, ಬೆನ್ನಿನಿಂದ ನೆಲದವರೆಗೆ ಇಳಿಯುವ ಆ ನೆರಿಗೆ ನೋಡಿದರೆ ಯಾರಿಗಾದರೂ ಕಣ್ಣು ತಣಿಯುತ್ತದೆ. ನನ್ನ ತಕರಾರು ಬೇರೆ. ಒಂದಿಡೀ ಶತಮಾನದಿಂದ ಇವರು ಎತ್ತಿಕೊಂಡದ್ದು ಒಬ್ಬಳು ರಾಣಿಯನ್ನು ಮಾತ್ರ. ಅವಳ ಮೈಮೇಲಿನ ಬಟ್ಟೆಯನ್ನು ನೇಯ್ದವರು, ಹೊಲಿದವರು, ಕಸೂತಿ ಹಾಕಿದವರು ‘ಸ್ಫೂರ್ತಿ’ ಎಂಬ ಮಾತಿನೊಳಗೆ ಮಾಯವಾಗಿದ್ದಾರೆ.

ಆ ರಾಣಿಯ ಬಟ್ಟೆಯ ಲೆಕ್ಕ ಈಗಲೂ ಉಳಿದಿದೆ. ವರ್ಷಕ್ಕೆ 1,20,000 ಲಿವ್ರ್ ಗೊತ್ತುಮಾಡಿದ್ದರೆ, 1785ರಲ್ಲಿ ಖರ್ಚಾದದ್ದು 2,58,000. ಅವಳ ಉಡುಪಿನ ಅಲಂಕಾರ ನೋಡುತ್ತಿದ್ದ ರೋಸ್ ಬರ್ತ್ಯಾಂ ಆಬ್‌ವಿಲ್ ಎಂಬ ಸಣ್ಣ ಊರಿನಿಂದ ಬಂದ ಸಾಮಾನ್ಯರ ಮಗಳು. ಜನ ಅವಳನ್ನು ಫ್ಯಾಶನ್ ಮಂತ್ರಿ ಎಂದು ಹಂಗಿಸುತ್ತಿದ್ದರು. ದೊಡ್ಡ ಮನೆತನದ ಹೆಂಗಸರು ಅವಳಲ್ಲಿ ಉದ್ದರಿ ಬರೆಸಿ ಕೊಂಡರು. ಕ್ರಾಂತಿಯಾದಾಗ ಕೆಲವರ ತಲೆ ಹೋಯಿತು, ಕೆಲವರು ದೇಶ ಬಿಟ್ಟರು, ಬಾಕಿ ಹಾಗೇ ಉಳಿಯಿತು. ಬರ್ತ್ಯಾಂ 1813ರಲ್ಲಿ ತೀರಿಕೊಂಡ ಮೇಲೂ ಅವಳ ವಾರಸುದಾರರು ಆ ಬಾಕಿಗಾಗಿ ಅಲೆದರು. ಮಾಲಿಕಳ ಪಾಡೇ ಇದಾದರೆ, ಅವಳ ಅಂಗಡಿಯ ಕೂಲಿಯವರ ಪಾಡು ಏನಿದ್ದೀತು?

ಪ್ಯಾರಿಸಿನಲ್ಲಿದ್ದ ಆ ಅಂಗಡಿಯ ಹೆಸರು ‘ಗ್ರ್ಯಾಂ ಮೊಗೋಲ್’, ಎಂದರೆ ಮೊಗಲ್ ಬಾದಶಹ. ಫ್ರೆಂಚ್ ಶೈಲಿಯ ತವರುಮನೆಯ ಬೋರ್ಡಿನ ಮೇಲೆ ನಮ್ಮ ಬಾದಶಹನಿದ್ದ ಎಂದು ಗೊತ್ತಾದಾಗ ನನ್ನ ತಂಗಿಯ ಪ್ರಶ್ನೆ ನನಗೆ ತಿರುವುಮುರುವಾಗಿ ಕೇಳಿಸತೊಡಗಿತು. ಫ್ರಾನ್ಸಿನೊಳಗೆ ಇಂಡಿಯಾ ಎಲ್ಲಿಂದ ಬಂತು?

ಬಂದದ್ದು ಹಡಗಿನಲ್ಲಿ. ಕೋರಮಂಡಲ ತೀರದ ಬಣ್ಣದ ಹತ್ತಿಬಟ್ಟೆಗೆ ಫ್ರೆಂಚರು ‘ಇಂಡಿಯೆನ್’ ಎಂದೇ ಕರೆದರು. ಅದರ ಹುಚ್ಚು ಎಷ್ಟು ಹಿಡಿಯಿತೆಂದರೆ, ತಮ್ಮ ರೇಷ್ಮೆ ಮತ್ತು ಉಣ್ಣೆಯ ಕಸಬು ಮುಳುಗುತ್ತದೆಂದು ಹೆದರಿ 1686ರಲ್ಲಿ ಅದನ್ನು ನಿಷೇಧಿಸಿದರು. ಆಸ್ಥಾನದ ಹೆಂಗಸರೇ ಕದ್ದು ತರಿಸಿ ಉಟ್ಟರು. 1759ರಲ್ಲಿ ನಿಷೇಧ ತೆಗೆಯಬೇಕಾಯಿತು. ಮರುವರ್ಷವೇ ಓಬರ್‌ಕಾಂಫ್ ಎಂಬಾತ ಜೂಯಿ ಎಂಬ ಊರಿನಲ್ಲಿ ಇದೇ ಬಗೆಯ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ ತೆರೆದ. ಅದೇ ಮುಂದೆ ಕುರಿಗಾಹಿಗಳ, ಮರಗಿಡಗಳ ಚಿತ್ರವಿರುವ ‘ತ್ವಾಲ್ ದ ಜೂಯಿ’ ಆಯಿತು. 1947ರಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಬೊಟಿಕ್ಕಿನ ಗೋಡೆಗೆ ಹೊದಿಸಿದ್ದು ಇದನ್ನೇ. ಇವತ್ತಿಗೂ ಆ ಕಂಪನಿಯ ಕೈಚೀಲಗಳ ಮೇಲೆ ಇದೇ ಚಿತ್ತಾರ. ಜಗತ್ತಿಗೆಲ್ಲ ಇದು ಅಪ್ಪಟ ಫ್ರೆಂಚ್.

ರಾಣಿಯ ಪ್ರಸಿದ್ಧ ಬಿಳಿ ಉಡುಪಿನ ಕತೆಯೂ ಹೀಗೆಯೇ. 1783ರಲ್ಲಿ ವಿಜೆ ಲ ಬ್ರನ್ ಎಂಬ ಚಿತ್ರಕಾರಿಣಿ ಅವಳನ್ನು ಸಡಿಲವಾದ ತೆಳು ಮಸ್ಲಿನ್ನಿನಲ್ಲಿ ಚಿತ್ರಿಸಿದಾಗ ಪ್ಯಾರಿಸಿನಲ್ಲಿ ಗುಲ್ಲೆದ್ದಿತು. ರಾಣಿ ಒಳಉಡುಪಿನಲ್ಲಿ ನಿಂತಿದ್ದಾಳೆ ಎಂದರು. ನಮ್ಮ ಲಿಯೋನಿನ ರೇಷ್ಮೆ ನೇಕಾರರ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾಳೆ ಎಂದೂ ಅಂದರು. ಚಿತ್ರವನ್ನು ಪ್ರದರ್ಶನದಿಂದ ಇಳಿಸಿ, ಅವಳು ರೇಷ್ಮೆ ಉಟ್ಟ ಇನ್ನೊಂದು ಚಿತ್ರವನ್ನು ಇಟ್ಟರು. ಆ ಕಾಲಕ್ಕೆ ಅಂಥ ನವಿರಾದ ಮಸ್ಲಿನ್ನಿಗೆ ಹೆಸರಾದದ್ದು ಬಂಗಾಳ. ಆ ಗಲಾಟೆಯಲ್ಲಿ ಲಿಯೋನಿನ ನೇಕಾರನ ಪರವಾಗಿ ಮಾತಾಡುವವರಾದರೂ ಇದ್ದರು. ಢಾಕಾದ ನೇಕಾರನಿಗೆ ಯಾರಿದ್ದರು?

ತಂಗಿಯ ಕೈಯಲ್ಲಿರುವ ಕೊಕ್ಕೆಸೂಜಿಯ ಮಾತನ್ನೂ ಹೇಳಬೇಕು. ಗುಜರಾತಿನಲ್ಲಿ ಚರ್ಮದ ಕೆಲಸದ ಮೋಚಿಗಳು ಬಟ್ಟೆಯ ಮೇಲೂ ಹಾಕುತ್ತಿದ್ದ ಈ ಸರಪಳಿ ಹೊಲಿಗೆ ಯುರೋಪಿಗೆ ಹೊರೆಗಟ್ಟಲೆ ಹೋಗುತ್ತಿತ್ತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಹೆಂಗಸರು ಇದೇ ಹೊಲಿಗೆಯನ್ನು ದುಂಡು ಚೌಕಟ್ಟಿನ ಮೇಲೆ ಕಲಿತು ‘ತಾಂಬೂರ್’ ಎಂದರು. ಈಗ ಪ್ಯಾರಿಸಿನ ದೊಡ್ಡ ದೊಡ್ಡ ಕಂಪನಿಗಳು ತಮ್ಮ ಕಸೂತಿಯನ್ನು ಮುಂಬೈಯಲ್ಲಿ, ಅದೇ ಸೂಜಿಯಿಂದ ಮಾಡಿಸುತ್ತವೆ. ಹೋದದ್ದು ತಿರುಗಿ ಬಂದಿದೆ. ಹೆಸರು ಮಾತ್ರ ಅಲ್ಲೇ ಉಳಿದಿದೆ.

ಬಲ್ಲವರು ಇದಕ್ಕೆ ಉತ್ತರ ಹೇಳುತ್ತಾರೆ. ಕಲೆ ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ, ಅದಕ್ಕೆ ಪಹಣಿ ಪತ್ರ ಕೇಳಬೇಡಿ ಎನ್ನುತ್ತಾರೆ. ಒಪ್ಪಿದೆ. ನಮ್ಮ ಜನವೂ ಕಂಡಕಂಡಲ್ಲಿಂದ ತಂದಿದ್ದಾರೆ. ಇನ್ನು ಕೆಲವರು, 2023ರ ಮಾರ್ಚಿನಲ್ಲಿ ಡಿಯೋರ್‌ನವರು ಮುಂಬೈಯ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಪ್ರದರ್ಶನ ನಡೆಸಿ ಅಲ್ಲಿನ ಚಾಣಕ್ಯ ಸಂಸ್ಥೆಯ ಕಸೂತಿಯವರನ್ನು ಗೌರವಿಸಲಿಲ್ಲವೇ ಎಂದು ಕೇಳುತ್ತಾರೆ. ಗೌರವಿಸಿದರು, ಒಳ್ಳೆಯದೇ ಆಯಿತು. ಆದರೆ ಸಂಸ್ಥೆಯ ಹೆಸರು ಒಂದು ಸಂಜೆ ಕೇಳಿಬಂದರೆ ಸೂಜಿ ಹಿಡಿದವರ ಹೆಸರು ಅಂಗಿಯ ಮೇಲೆ ಬಂದಂತಾಯಿತೇ?

ಸ್ಫೂರ್ತಿಯೇ ಬೇಕಿದ್ದರೆ ಅದೇ ಶತಮಾನದಲ್ಲಿ ಇನ್ನೂ ದೊಡ್ಡದೊಂದು ಇದೆ. ದಿದರೋ ತನ್ನ ವಿಶ್ವಕೋಶವನ್ನು 1751ರಿಂದ 1772ರವರೆಗೆ ಹೊರತಂದಾಗ, ರಾಜರ ಚಿತ್ರ ಹಾಕಲಿಲ್ಲ. ದರ್ಜಿಯ ಅಂಗಡಿ, ಕಸೂತಿಯ ಕೋಣೆ, ಕತ್ತರಿ, ಸೂಜಿ, ಚೌಕಟ್ಟಿನ ಮುಂದೆ ಬಾಗಿ ಕೂತ ಹೆಂಗಸರು, ಇವನ್ನೆಲ್ಲ ಪುಟಪುಟವಾಗಿ ಕೊರೆಸಿ ಅಚ್ಚು ಹಾಕಿಸಿದ. ದೊರೆಗೆ ಕಸೂತಿಯ ವಿನ್ಯಾಸ ಬರೆಯುತ್ತಿದ್ದ ಸೇಂತ್ ಓಬ್ಯಾಂ 1770ರಲ್ಲಿ ಕಸೂತಿಯವರ ಕಸುಬಿನ ಮೇಲೆಯೇ ಒಂದು ಪುಸ್ತಕ ಬರೆದ. ಆ ಚಿತ್ರಗಳಲ್ಲಿ ಕೆಲಸದವರಿಗೆ ಹೆಸರಿಲ್ಲ ನಿಜ, ಆದರೆ ಕೈಗಳಿವೆ. ಫ್ಯಾಶನ್ ಲೋಕ ಅರಮನೆಯ ಬಾಗಿಲು ತಟ್ಟುವುದನ್ನು ಬಿಟ್ಟು ಒಮ್ಮೆ ಈ ಪುಟಗಳನ್ನು ತಿರುವಿಹಾಕಬಾರದೇ?

ನಾನು ಕೇಳುವುದು ಬಹಳವೇನಲ್ಲ. ಸಿನಿಮಾ ಮುಗಿದ ಮೇಲೆ ಲೈಟ್ ಹಿಡಿದ ಹುಡುಗನ ಹೆಸರೂ ಪರದೆಯ ಮೇಲೆ ಬರುತ್ತದೆ. ಅದರಿಂದ ಯಾವ ನಿರ್ದೇಶಕನೂ ಸಣ್ಣವನಾಗಿಲ್ಲ. ಲಕ್ಷಗಟ್ಟಲೆ ಬೆಲೆಯ ಅಂಗಿಯ ಒಳಗೆ ಒಂದು ಚೂರು ಪಟ್ಟಿ ಹೊಲಿದು, ಕಸೂತಿ ಹಾಕಿದವರ ಹೆಸರು, ಊರು, ಹಿಡಿದ ದಿನ ಇಷ್ಟನ್ನು ಬರೆದರೆ ಯಾವ ಅಂಗಿಯೂ ಭಾರವಾಗುವುದಿಲ್ಲ.

ಇಷ್ಟು ಬರೆದು ತಂಗಿಗೆ ಓದಿ ಹೇಳಿದೆ. ಚೌಕಟ್ಟಿನಿಂದ ಕಣ್ಣೆತ್ತದೆ ಪೂರ್ತಿ ಕೇಳಿದಳು. ದಾರವನ್ನು ಹಲ್ಲಿನಿಂದ ಕಡಿದು, ‘ಹೆಸರು ಆಮೇಲೆ ಹಾಕಲಿ ಅಕ್ಕಾ. ಆ ಹನ್ನೊಂದು ದಿನದಲ್ಲಿ ನಾಲ್ಕು ದಿನದ್ದು ಇನ್ನೂ ಬಂದಿಲ್ಲ. ಮೊದಲು ಅದನ್ನು ಕೊಡಲಿ ಅಂತ ಬರಿ’ ಎಂದಳು.

ಬರೆದಿದ್ದೇನೆ.