ರೋಗಿಯನ್ನು ಮನೆಯಲ್ಲಿ ಬಿಟ್ಟು ಹೊರಡಬೇಕೇ?

ಬೇಸಗೆಯ ರಜೆಯಲ್ಲಿ ಒಂದು ದಿನ ಬುತ್ತಿ ಕಟ್ಟಿಕೊಂಡು ಮೇಲುಕೋಟೆಗೆ ಹೋಗಿಬರುವುದು ಕಿಕ್ಕೇರಿಯ ನಮ್ಮ ಮನೆಯಲ್ಲಿ ಹಳೆಯ ರೂಢಿ. ತಂದೆಯವರಿಗೆ ಪಾರ್ಕಿನ್‌ಸನ್ ರೋಗವೆಂದು ತಿಳಿದ ಮೇಲೆ ಬಂಧುಗಳು ಕೊಟ್ಟ ಸಲಹೆ ಒಂದೇ: “ಅವರಿಗೇಕೆ ಆಯಾಸ? ಮನೆಯಲ್ಲಿಯೇ ಇರಲಿ.” ಮಾತು ಕರುಣೆಯಿಂದ ಹುಟ್ಟಿದ್ದೇನೋ ನಿಜ, ಆದರೆ ಅದು ತಪ್ಪೆಂಬುದೇ ನನ್ನ ಅಭಿಪ್ರಾಯ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ವರ್ಣಿಸಿದ ಈ ರೋಗದಲ್ಲಿ, ಮಿದುಳಿನ ಆಳದಲ್ಲಿರುವ, ಡೋಪಮೀನ್ ಎಂಬ ದ್ರವ್ಯವನ್ನು ತಯಾರಿಸುವ ಜೀವಕೋಶಗಳು ಕ್ರಮೇಣ ನಶಿಸುತ್ತವೆ. ಕೈ ನಡುಗುತ್ತದೆ; ಸ್ನಾಯುಗಳು ಬಿಗಿಯುತ್ತವೆ; ನಡೆಯುತ್ತಿದ್ದಂತೆಯೇ ಪಾದಗಳು ನೆಲಕ್ಕೆ ಅಂಟಿಕೊಂಡಂತಾಗುತ್ತವೆ. ಇದನ್ನು ತಡೆದು ನಿಲ್ಲಿಸುವ ಔಷಧ ಇನ್ನೂ ದೊರೆತಿಲ್ಲ. ಹಾಗಿರುವಾಗ ಪ್ರವಾಸವನ್ನು ಮುಂದಿನ ವರ್ಷಕ್ಕೆ ತಳ್ಳುವುದರಲ್ಲಿ ಅರ್ಥವೇನು? ಈ ವರ್ಷದ ಕಾಲು ಮುಂದಿನ ವರ್ಷಕ್ಕೆ ಉಳಿದಿರುತ್ತದೆಂದು ಹೇಳುವವರಾರು?

ಹೊರಟೆವು. ಪಂಚಾಂಗಕ್ಕಿಂತ ಗುಳಿಗೆಯ ವೇಳೆಯನ್ನೇ ಹೆಚ್ಚಾಗಿ ನೋಡಿದೆವೆನ್ನಿ. ಲೆವೊಡೋಪಾ ಗುಳಿಗೆ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದರ ಗುಣ ಕಾಣಿಸಿಕೊಂಡು, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಬೇಳೆ, ಮೊಸರುಗಳಲ್ಲಿರುವ ಪ್ರೋಟೀನು ಅದು ರಕ್ತಕ್ಕೆ ಸೇರುವುದಕ್ಕೆ ಅಡ್ಡಿ ಮಾಡುವುದುಂಟು. ಆದ್ದರಿಂದ ಗುಳಿಗೆ ಮೊದಲು. ಮೊಸರನ್ನದ ಬುತ್ತಿ ಬಿಚ್ಚುವುದು ಆಮೇಲೆ.

ಯೋಗಾನರಸಿಂಹನ ಬೆಟ್ಟವನ್ನು ಮಕ್ಕಳಿಗೆ ಬಿಟ್ಟು, ನಾವಿಬ್ಬರೂ ಕಲ್ಯಾಣಿಯ ಬಳಿ ಉಳಿದೆವು. ಅಲ್ಲಿ ನಾನೊಂದು ವಿಚಿತ್ರವನ್ನು ಕಂಡೆ. ಮನೆಯ ಹೊಸ್ತಿಲ ಬಳಿ ಹೆಜ್ಜೆ ಕೀಳಲಾರದೆ ನಿಂತುಬಿಡುವ ತಂದೆಯವರು, ನನ್ನ ತೋಳು ಹಿಡಿದು ಏಳೆಂಟು ಕಲ್ಲುಮೆಟ್ಟಿಲುಗಳನ್ನು ಸರಾಗವಾಗಿ ಇಳಿದರು! ವೈದ್ಯರಿಗೆ ಇದು ಹೊಸದಲ್ಲ. ಅಭ್ಯಾಸಬಲದಿಂದ ತಾನಾಗಿ ನಡೆಯುವ ನಡಿಗೆಯ ಲಯವು ಮಿದುಳಿನೊಳಗೆ ಕೆಟ್ಟಿದ್ದರೂ, ಮೆಟ್ಟಿಲಿನ ಅಂಚನ್ನು ಕಣ್ಣು ಕಂಡಾಗ ಹೆಜ್ಜೆಗೆ ಬೇರೊಂದು ದಾರಿಯಿಂದ ಅಪ್ಪಣೆ ದೊರೆಯುತ್ತದೆ. ನೆಲದ ಮೇಲೆ ಎಳೆದ ಅಡ್ಡಗೆರೆಗಳೂ ಹಲವರಿಗೆ ಹೀಗೆಯೇ ನೆರವಾಗುತ್ತವೆ. (ಬೀಳುವ ಭಯ ಉಂಟು; ಪಕ್ಕದಲ್ಲಿ ಒಬ್ಬರು ಇರಲೇಬೇಕು.) “ನೀನು ಕಾಲೇಜಿನಲ್ಲಿ ಹೇಳುವ ಪಾಠದಲ್ಲಿ ಇದು ಇದೆಯೇನಪ್ಪ?” ಎಂದು ನಕ್ಕರು. ಬಹಳ ದಿನಗಳ ಮೇಲೆ ಕೇಳಿದ ನಗು ಅದು.

ಪಾಠದಲ್ಲಿರುವುದು ಓರೆ ಸಮತಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇದ್ದರೆ ಗಾಲಿಕುರ್ಚಿಯನ್ನು ತಳ್ಳಲು, ಘರ್ಷಣೆಯನ್ನು ಬಿಟ್ಟರೆ, ಭಾರದ ಹನ್ನೆರಡನೆಯ ಒಂದು ಪಾಲಿನಷ್ಟು ಬಲ ಸಾಕು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಪಾರ್ಕಿನ್‌ಸನ್ ರೋಗವನ್ನೂ ಹೆಸರಿಸಿದೆ. ಆದರೂ ಗುಡಿಯ ಬಾಗಿಲಲ್ಲಿ, ಕೆರೆಯ ಏರಿಯಲ್ಲಿ ಇಂಥ ಇಳಿಜಾರನ್ನು ಕಟ್ಟಲು ನಮ್ಮವರಿಗೆ ತೋಚುವುದು ಅಪರೂಪ. ನಾಳೆ ಇಂಜಿನಿಯರುಗಳಾಗಲಿರುವ ವಿದ್ಯಾರ್ಥಿಗಳು ಇದನ್ನು ದಾನವೆಂದು ತಿಳಿಯದೆ, ಒಂದು ಲೆಕ್ಕವೆಂದು ತಿಳಿದರೆ ಸಾಕು.

ಮುಂದಿನ ರಜೆಗೆ ಮೇಲುಕೋಟೆ ದೂರವಾದೀತು. ಆಗ ನಮ್ಮೂರ ಬ್ರಹ್ಮೇಶ್ವರನ ಗುಡಿ ಇದ್ದೇ ಇದೆ. ಹೊಯ್ಸಳರ ಕಾಲದ್ದು, 1171ರಿಂದಲೂ ಕಾದಿದೆ. ನಮ್ಮ ಹೊಸ್ತಿಲು ಅರ್ಧ ಅಡಿ ಎತ್ತರ. ಆರು ಅಡಿಯ ಎರಡು ಹಲಗೆಗಳನ್ನು ಈಗಲೇ ಕೊಯ್ಯಿಸಿ ಇಟ್ಟಿದ್ದೇನೆ.