ಗುರುವಂದನೆ ಮುಗಿಯಿತು, ಮೈದಾನದ ಗತಿಯೇನು?

ಈಚೆಗೆ ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನಮಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದ ದೈಹಿಕ ಶಿಕ್ಷಣದ ಮಾಸ್ತರರಿಗೆ ಗುರುವಂದನೆ ಸಲ್ಲಿಸಿದೆವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಿಂದ ಬಂದವರಲ್ಲಿ ರೈಲ್ವೆ ನೌಕರರಿದ್ದರು, ಸಿಮೆಂಟ್ ಕಾರ್ಖಾನೆಯ ಕಾರ್ಮಿಕರಿದ್ದರು, ತೊಗರಿ ಬೆಳೆಯುವ ರೈತರಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲವೂ ಆದವು. ಎಪ್ಪತ್ತೈದು ದಾಟಿದ ಮಾಸ್ತರರು ಕೇಳಿದ್ದು ಒಂದೇ ಮಾತು: ‘ನಮ್ಮ ಕೋರ್ಟ್ ಹ್ಯಾಂಗದ ತಮ್ಮಾ?’ ಯಾರೂ ಬಾಯಿ ತೆರೆಯಲಿಲ್ಲ. ಒಂದು ರಿಂಗ್ ಕಳಚಿ ಬಿದ್ದು ವರ್ಷಗಳಾಗಿವೆ. ಇನ್ನೊಂದರ ಕೆಳಗೆ ಜಾಲಿ ಬೆಳೆದಿದೆ.

ನಮ್ಮದು ಕರಿ ಎರೆ ನೆಲ. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಕೆಸರು. ಇಂಥ ಮಣ್ಣಿನ ಮೇಲೆ ಚೆಂಡು ಪುಟಿಯುವುದೇ ಇಲ್ಲ. ಮಾಸ್ತರರು ಕಲ್ಲುಗಣಿಗಳಿಗೆ ಅಲೆದು, ಅಂಚು ಒಡೆದು ಮಾರಾಟವಾಗದೆ ಉಳಿದ ಫರಸಿಗಳನ್ನು ಬೇಡಿ ತಂದರು. ರವಿವಾರಗಳಂದು ಹುಡುಗರೇ ಹಾಸಿ, ಸಂದುಗಳಿಗೆ ಸಿಮೆಂಟ್ ತುಂಬಿದರು. ಪಾಲಕರೊಬ್ಬರು ಹಳೆಯ ಕೊಳವೆಗಳಿಗೆ ಬಳೆ ಬೆಸೆದು ಹತ್ತು ಅಡಿ ಎತ್ತರದಲ್ಲಿ ನಿಲ್ಲಿಸಿದರು. ಬೆಳಗಿನ ಐದೂವರೆಗೆ ಅಭ್ಯಾಸ ಆರಂಭ. ಏಪ್ರಿಲಿನಲ್ಲಿ ಎಂಟು ಗಂಟೆಗೆಲ್ಲ ಕಲ್ಲು ಅಂಗಾಲು ಸುಡುತ್ತಿತ್ತು. ಬೂಟು ಇದ್ದವರು ಅರ್ಧ ಆಟದ ನಂತರ ಅದನ್ನು ಬಿಚ್ಚಿ ಇಲ್ಲದವರಿಗೆ ಕೊಡಬೇಕೆಂಬುದು ಅವರ ನಿಯಮ. ಯಾರ ಬೂಟನ್ನು ಯಾರು ತೊಡುತ್ತಾರೆಂಬುದು ಊರಿನಲ್ಲಿ ದೊಡ್ಡ ವಿಷಯವಾಗಿದ್ದ ಕಾಲವದು.

ಈ ಆಟ ಹುಟ್ಟಿದ್ದೂ ಒಬ್ಬ ದೈಹಿಕ ಶಿಕ್ಷಕನಿಂದಲೇ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಗೆ ಹೊಡೆಸಿ ಇದನ್ನು ಆರಂಭಿಸಿದರು. 1920ರಲ್ಲಿ ಹ್ಯಾರಿ ಬಕ್ ಮದ್ರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನಂಥ ಸಂಸ್ಥೆಗಳಲ್ಲಿ ತರಬೇತಾದ ಶಿಕ್ಷಕರು ಅದನ್ನು ನಮ್ಮ ಶಾಲೆಗಳಿಗೆ ತಂದರು. ಆಟ ಊರೂರು ತಲುಪಿದ್ದು ಇಂಥವರ ಕೈಯಿಂದ ಕೈಗೆ.

ತರಬೇತುದಾರರಿಗೆ ಕೇಂದ್ರ ಸರ್ಕಾರ ನೀಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ. ಅಂತರರಾಷ್ಟ್ರೀಯ ಮಟ್ಟದಲ್ಲಿ ಸಾಧನೆ ಮಾಡಿದ ಶಿಷ್ಯರಿದ್ದರೆ ಅದರ ಬಾಗಿಲು ತೆರೆಯುತ್ತದೆ. ನಮ್ಮ ಮಾಸ್ತರರ ಶಿಷ್ಯರಲ್ಲಿ ಒಬ್ಬರೂ ಭಾರತ ತಂಡಕ್ಕೆ ಆಡಿದವರಲ್ಲ. ಆದರೆ ಗಣಿಯಲ್ಲಿ ಕಲ್ಲು ಹೊರುತ್ತಿದ್ದವರ ಮಗಳು ತಂಡದ ನಾಯಕಿಯಾದಳು, ಮುಂದೆ ದಾದಿಯಾದಳು. ಅಂದು ಮೊದಲು ಅವರ ಕಾಲು ಮುಟ್ಟಿದವಳು ಅವಳೇ. ಈ ಲೆಕ್ಕ ಯಾವ ಪ್ರಶಸ್ತಿಯ ಅರ್ಜಿಯಲ್ಲೂ ಸೇರುವುದಿಲ್ಲ.

‘ಫಲಿತಾಂಶವೇ ಇಲ್ಲದ ಜಿಲ್ಲೆಗೆ ಆಟವೇಕೆ?’ ಎಂದು ಕೇಳುವವರಿದ್ದಾರೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿದ್ದುದು ನಿಜ. ಆದ್ದರಿಂದಲೇ ಆಟದ ಅವಧಿಯನ್ನು ಗಣಿತಕ್ಕೆ ಕೊಡುವುದು ಸುಲಭದ ಪರಿಹಾರವೆನಿಸುತ್ತದೆ. ನಮ್ಮ ಮಾಸ್ತರರದು ಬೇರೆಯೇ ದಾರಿ: ತರಗತಿಗೆ ಬಾರದವನಿಗೆ ಚೆಂಡಿಲ್ಲ. ತೊಗರಿ ರಾಶಿಯ ಕಾಲದಲ್ಲೂ ಹುಡುಗರು ಶಾಲೆ ಬಿಡದಂತೆ ಹಿಡಿದಿಟ್ಟದ್ದು ಆ ಚೆಂಡು. ಶಾಲೆಗೇ ಬಾರದ ಮಗುವಿಗೆ ಗಣಿತದ ಹೆಚ್ಚುವರಿ ಅವಧಿಯಿಂದ ಆಗುವ ಲಾಭವಾದರೂ ಏನು?

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ದೈಹಿಕ ಶಿಕ್ಷಣದ ಬೋಧಕರೂ ಬೇಕೆನ್ನುತ್ತದೆ. ನಮ್ಮ ಭಾಗಕ್ಕೆ 371(ಜೆ) ವಿಧಿಯ ವಿಶೇಷ ಸ್ಥಾನಮಾನವಿದೆ, ಅಭಿವೃದ್ಧಿ ಮಂಡಳಿಯಿದೆ. ಕಟ್ಟಡ, ರಸ್ತೆಗಳ ಜೊತೆಗೆ ತಾಲ್ಲೂಕಿಗೆ ಕೆಲವಾದರೂ ಶಾಲಾ ಅಂಕಣಗಳಿಗೆ ಹಣ ತೆಗೆದಿಡುವುದು ಅಸಾಧ್ಯವೇನಲ್ಲ. ಅಂಕಣಕ್ಕಿಂತ ಮೊದಲು ಬೇಕಾದದ್ದು ಅದನ್ನು ಕಾಯುವ ಶಿಕ್ಷಕ. ನಿವೃತ್ತರಾದ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಉಳಿದರೆ ಫರಸಿಯ ಸಂದಿನಲ್ಲಿ ಜಾಲಿ ಬೆಳೆಯಲು ಎರಡು ಮಳೆಗಾಲ ಸಾಕು.

ತಪ್ಪು ಸರ್ಕಾರದ್ದು ಮಾತ್ರವೆಂದರೆ ಆತ್ಮವಂಚನೆಯಾದೀತು. ಅಂದು ವೇದಿಕೆಗೆ, ಊಟಕ್ಕೆ, ಬ್ಯಾನರಿಗೆ ನಾವು ಖರ್ಚು ಮಾಡಿದ ಹಣದಲ್ಲಿ ಎರಡು ರಿಂಗ್ ಹಾಕಿಸಬಹುದಿತ್ತು. ಹೆಸರು ಪತ್ರಿಕೆಯಲ್ಲಿ ಬರುವುದು ಬೇಡವೆಂದು ಮಾಸ್ತರರು ಹೇಳಿದ್ದರಿಂದ ಇಲ್ಲಿ ಬರೆದಿಲ್ಲ. ಬರುವ ರವಿವಾರ ನಾವು ಕೆಲವರು ಕೊಡಲಿ, ಸುಣ್ಣ, ಸಿಮೆಂಟಿನೊಂದಿಗೆ ಶಾಲೆಗೆ ಹೋಗಲಿದ್ದೇವೆ. ಗುರುವಿಗೆ ಸಲ್ಲಬೇಕಾದ ವಂದನೆ ಇನ್ನೂ ಬಾಕಿ ಇದೆ.